ಚಿಕಿತ್ಸೆ ಮುಗಿಸಿ ಊರಿಗೆ ಹೊರಟಿರಾ? ಒಂದೇ ಮನೆ ಸಾಕು

ಅಮ್ಮನ ಕೊನೆಯ ರೇಡಿಯೇಶನ್ ಮುಗಿದ ದಿನ ಆಸ್ಪತ್ರೆಯ ಲಿಫ್ಟಿನಲ್ಲೇ ಅವಳು ಕೇಳಿದ್ದು ಒಂದೇ ಮಾತು: "ಊರಿಗೆ ಯಾವಾಗ ಹೋಗುವುದು?" ಊರು ಅಂದರೆ ಕಾಪು ಹತ್ತಿರ ಅವಳ ಅಕ್ಕನ ಮನೆ. ಎಂಟು ತಿಂಗಳಿಂದ ಬೆಂಗಳೂರಿನ ಮನೆ, ಆಸ್ಪತ್ರೆ, ಮತ್ತೆ ಮನೆ. ಅಷ್ಟೇ ಅವಳ ಓಡಾಟ. ನಾನೂ ಖುಷಿಯಲ್ಲಿ ಎರಡೇ ವಾರಕ್ಕೆ ಟಿಕೆಟ್ ಮಾಡಿಸಿದೆ. ಕಾಪು, ಉಡುಪಿ, ಸುರತ್ಕಲ್, ಮಂಗಳೂರು ಅಂತ ಎರಡು ದಿನದಲ್ಲಿ ಐದು ಮನೆ ಸುತ್ತಿಸಿದೆ. ಮೂರನೇ ದಿನ ಅಮ್ಮ ಹಾಸಿಗೆಯಿಂದ ಏಳಲಿಲ್ಲ. ಜ್ವರ ಇಲ್ಲ, ನೋವಿಲ್ಲ. ಸುಮ್ನೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಯಾರ ಹತ್ತಿರವೂ ಮಾತು ಬೇಡ ಅಂದಳು.

ನಾಲ್ಕು ತಿಂಗಳು ಬಿಟ್ಟು ಮತ್ತೆ ಹೋದೆವು. ಆ ಸಲ ಚೆನ್ನಾಗಿ ಆಯಿತು. ಎರಡು ಪ್ರಯಾಣದ ನಡುವೆ ಡಾಕ್ಟರಿಂದ, ನರ್ಸುಗಳಿಂದ, ನನ್ನ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಅಮ್ಮನದು ಎದೆಯ (ಸ್ತನದ) ಕ್ಯಾನ್ಸರ್. ನಿಮ್ಮ ಮನೆಯವರದ್ದು ಬೇರೆ ಇದ್ದರೆ ಕೆಲವು ಮಾತು ಹೊಂದಲಿಕ್ಕಿಲ್ಲ. ಏನೇ ಇದ್ದರೂ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಮೊದಲು ತಾರೀಖು ಸರಿ ಮಾಡಿ

ಕೊನೆಯ ಡ್ರಿಪ್ ಇಳಿದ ಕೂಡಲೇ ಕಷ್ಟ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಹೆಚ್ಚಿನ ಕೀಮೋ ಔಷಧಗಳಲ್ಲಿ, ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಕೆಳಗೆ ಇಳಿಯುವುದು ಡ್ರಿಪ್ ಹಾಕಿದ 7ರಿಂದ 14ನೇ ದಿನದ ಹೊತ್ತಿಗೆ. ಮತ್ತೆ ಮೇಲೆ ಬರಲು ಸಾಮಾನ್ಯವಾಗಿ 3-4 ವಾರ ಬೇಕು. ರೇಡಿಯೇಶನ್ ಇನ್ನೂ ವಿಚಿತ್ರ. ಚರ್ಮದ ಉರಿ, ಸುಸ್ತು ಎಷ್ಟೋ ಜನರಿಗೆ ಜಾಸ್ತಿಯಾಗುವುದು ಎಲ್ಲ ಮುಗಿದ ಮೇಲಿನ ಒಂದೆರಡು ವಾರದಲ್ಲಿ. ನಾನು ಟಿಕೆಟ್ ಮಾಡಿಸಿದ್ದು ಸರಿಯಾಗಿ ಆ ವಾರಕ್ಕೆ! ಸುಸ್ತು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಅದು ಮನಸ್ಸಿನ ಸೋಮಾರಿತನ ಅಲ್ಲ, ನಿದ್ದೆ ಮಾಡಿದರೂ ಹೋಗದ ಸುಸ್ತು.

ಇನ್ನು ಋತು. ಕರಾವಳಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಸೆಕೆ ಗಟ್ಟಿಮುಟ್ಟಾದವರನ್ನೇ ಹಿಂಡುತ್ತದೆ. ಜೂನಿನಿಂದ ಸೆಪ್ಟೆಂಬರ್ ಮಳೆ. ಗುಡ್ಡ ಜರಿದರೆ ಶಿರಾಡಿ ಘಾಟಿಯಲ್ಲಿ ರಸ್ತೆಯೂ ನಿಲ್ಲಬಹುದು, ರೈಲೂ ನಿಲ್ಲಬಹುದು. ಆದರೆ ಒಳ್ಳೆಯ ತಿಂಗಳುಗಳಲ್ಲೇ ಮದುವೆ, ಕೋಲ, ನೇಮ, ಕಂಬಳ ಎಲ್ಲ. "ಹೇಗೂ ಬಂದಿದ್ದೀರಿ, ಒಂದು ಗಳಿಗೆ ನೇಮಕ್ಕೆ ಬನ್ನಿ" ಅನ್ನುತ್ತಾರೆ. ಆ ಒಂದು ಗಳಿಗೆ ಬೆಳಗಿನ ಜಾವದವರೆಗೆ ಎಳೆಯುತ್ತದೆ, ಗೊತ್ತಲ್ಲ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಆಸುಪಾಸು ಉಡುಪಿಯ ಕೃಷ್ಣ ಮಠದಲ್ಲಿ ಪರ್ಯಾಯ ಉತ್ಸವ. ಆ ಜನಸಂದಣಿಗೆ ಇವರನ್ನು ಕರೆದುಕೊಂಡು ಹೋಗಬೇಡಿ.

ಮುಂದಿನ ಸ್ಕ್ಯಾನ್ ಅಥವಾ ಚೆಕಪ್‌ಗೆ ವಾರ ಇದೆ ಅನ್ನುವಾಗ ಹೊರಡಬೇಡಿ ಎಂದೂ ಹೇಳುತ್ತೇನೆ. ಕಡಲ ಎದುರು ಕೂತರೂ ತಲೆಯಲ್ಲಿ ರಿಪೋರ್ಟೇ ಇರುತ್ತದೆ. ಸ್ಕ್ಯಾನ್ ಆಗಿ ಬರಲಿ.

ಡಾಕ್ಟರ ಹತ್ತಿರ ಏನು ಕೇಳಬೇಕು

"ಊರಿಗೆ ಹೋಗಬಹುದಾ?" ಅಂದರೆ "ಹೋಗಿ ಬನ್ನಿ" ಅನ್ನುತ್ತಾರೆ ಅಷ್ಟೇ. ಬಿಡಿಸಿ ಕೇಳಿ. ಕಳೆದ ವಾರದ ರಕ್ತಪರೀಕ್ಷೆಯಲ್ಲಿ ಬಿಳಿಕಣ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಷ್ಟಿದೆ? ಆಪರೇಷನ್ ಆಗಿ ಇಷ್ಟು ವಾರ ಆಗಿದೆ, ವಿಮಾನ ಹತ್ತಬಹುದಾ? ಕೀಮೋ ಪೋರ್ಟ್ (ಔಷಧ ಹಾಕಲು ಚರ್ಮದ ಅಡಿಯಲ್ಲಿ ಇಡುವ ಪುಟ್ಟ ಸಾಧನ) ಇನ್ನೂ ಒಳಗಿದ್ದರೆ ಅದನ್ನು ಫ್ಲಶ್ ಮಾಡುವ, ಅಂದರೆ ತೊಳೆಯುವ ದಿನ ಯಾವುದು? ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಇರುವವರು ಆ ತಾರೀಖನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆಮೇಲೆ ಟಿಕೆಟ್ ನೋಡಿ. ಜ್ವರ ಬಂದರೆ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದೂ ಕೇಳಿ ಬರೆದುಕೊಳ್ಳಿ.

ಒಂದೇ ಮನೆ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದು ಸಾಕು. ಯಾರ ಮನೆಗೂ ಸುತ್ತಬೇಡಿ. ಒಂದು ಮನೆಯಲ್ಲಿ ಉಳಿಯಿರಿ. ನೋಡಬೇಕಾದವರು ಅಲ್ಲಿಗೆ ಬರಲಿ.

ನಮ್ಮ ಕಡೆ ಇದು ಸುಲಭ ಅಲ್ಲ. ಕಾಪುವಿಗೆ ಬಂದು ಸುರತ್ಕಲ್ಲಿಗೆ ಬಾರದೆ ಹೋದರೆ ಅತ್ತೆಗೆ ಬೇಜಾರು. ಉಡುಪಿಯ ಮಾವನ ಮನೆಗೆ ಹೋಗಿ ಮಂಗಳೂರಿನ ಚಿಕ್ಕಮ್ಮನ ಮನೆ ಬಿಟ್ಟರೆ ಮುಂದಿನ ಮದುವೆಯವರೆಗೆ ಆ ಮಾತು ಇರುತ್ತದೆ. ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, "ಒಂದು ಗಂಟೆಯ ದಾರಿ ಅಲ್ವಾ" ಅನ್ನುತ್ತಾರೆ. ದಾರಿ ಒಂದು ಗಂಟೆಯದೇ. ಆದರೆ ಪ್ರತಿ ಮನೆಯಲ್ಲೂ ಸೀರೆ ಸರಿಮಾಡಿಕೊಂಡು ಕೂರಬೇಕು. ಕಾಯಿಲೆಯ ಕಥೆಯನ್ನು ಮೊದಲಿಂದ ಹೇಳಬೇಕು. ಬೇಡ ಅಂದರೂ ಎರಡು ತಿಂಡಿ ತಿನ್ನಬೇಕು. ಮಲಗಬೇಕು ಅನಿಸಿದರೆ ಹೇಳಲು ಸಂಕೋಚ. ಅಮ್ಮನನ್ನು ಕೆಡವಿದ್ದು ಪ್ರಯಾಣ ಅಲ್ಲ, ಈ ಐದು ಸಲದ ನಗು.

ಎರಡನೇ ಸಲ ನಾನು ಹೊರಡುವ ಹತ್ತು ದಿನ ಮೊದಲೇ ಎಲ್ಲರಿಗೂ ಫೋನ್ ಮಾಡಿದೆ. ನಾನೇ ಮಾಡಿದೆ, ಅಮ್ಮನ ಕೈಯಲ್ಲಿ ಮಾಡಿಸಲಿಲ್ಲ. "ಅತ್ತೆ, ಡಾಕ್ಟರು ಒಂದೇ ಕಡೆ ಇರಬೇಕು ಅಂದಿದ್ದಾರೆ. ನಾವು ದೊಡ್ಡಮ್ಮನ ಮನೆಯಲ್ಲಿ ನಾಲ್ಕು ದಿನ ಇರುತ್ತೇವೆ. ನೀವು ಶನಿವಾರ ಸಂಜೆ ನಾಲ್ಕರಿಂದ ಆರು, ಅಲ್ಲಿಗೇ ಬನ್ನಿ. ನೆಗಡಿ ಕೆಮ್ಮು ಇದ್ದವರು ಮುಂದಿನ ಸಲ ಬರಲಿ." ಡಾಕ್ಟರ ಹೆಸರು ಹೇಳುವುದು ಉಪಾಯವೇ ಸರಿ, ಆದರೆ ಕೆಲಸ ಮಾಡುತ್ತದೆ. ನಾವು ಹೇಳಿದರೆ ಕೊಬ್ಬು, ಡಾಕ್ಟರು ಹೇಳಿದರೆ ಪಥ್ಯ. ಸುರತ್ಕಲ್ ಅತ್ತೆ ಮೊದಲು ಸ್ವಲ್ಪ ಮುನಿಸಿಕೊಂಡರು. ಆಮೇಲೆ ಬರುವಾಗ ನೀರುದೋಸೆ ಹೊಯ್ದುಕೊಂಡೇ ಬಂದರು.

ಯಾವ ಮನೆ ಅನ್ನುವುದನ್ನು ಪ್ರೀತಿ ನೋಡಿ ಅಲ್ಲ, ಬಚ್ಚಲು ನೋಡಿ ಆರಿಸಿ. ಹಳೆಯ ಮನೆಗಳಲ್ಲಿ ಪಾಯಿಖಾನೆ ಅಂಗಳ ದಾಟಿ ಇರುತ್ತದೆ, ಕುಕ್ಕರಗಾಲಲ್ಲಿ ಕೂರಬೇಕು. ಹೊಟ್ಟೆಯ ಆಪರೇಷನ್ ಆದವರಿಗೆ ಅದು ಆಗದ ಮಾತು. ನೆಲಮಹಡಿಯಲ್ಲಿ ಒಂದು ಕೋಣೆ, ಅದಕ್ಕೆ ಬಾಗಿಲು, ಹತ್ತಿರದಲ್ಲೇ ಕಮೋಡ್, ಸೊಳ್ಳೆಪರದೆ. ಇಷ್ಟು ಇರಲಿ. ಬಾಗಿಲು ಯಾಕೆ ಅಂದರೆ, ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆ ಅದನ್ನು ಮುಚ್ಚಬೇಕು. ನೆಂಟರು ಬಂದಿದ್ದರೂ ಮುಚ್ಚಬೇಕು.

ಹೋಗುವುದು ಹೇಗೆ

ಬೆಂಗಳೂರಿಂದ ಆದರೆ ನನ್ನ ಆಯ್ಕೆ ರೈಲು. ನಿಧಾನ ನಿಜ, ಆದರೆ ಕಾಲು ಚಾಚಬಹುದು, ಎದ್ದು ಓಡಾಡಬಹುದು, ಶೌಚಾಲಯ ಇದೆ. ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಈ ಮೂರರಲ್ಲಿ ಒಂದೇ ಸಿಗುತ್ತದೆ, ಜೊತೆಗೆ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳೆಸುತ್ತದೆ. ನಾವು ಮೊದಲ ಸಲ ಹೋಗಿದ್ದು ಬಸ್ಸಿನಲ್ಲಿ. ಮೇಲಿನ ಬರ್ತ್ ಕೊಟ್ಟಿದ್ದರು, ಅಮ್ಮ ಏಣಿ ಹಿಡಿದು ಹತ್ತಿದ್ದು ಆಪರೇಷನ್ ಆದ ಕೈಯಲ್ಲಿ. ಕಾರವಾರ ಕಡೆಗೆ ಹೋಗುವ ರಾತ್ರಿ ರೈಲು ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲೇ ಇಳಿಸುತ್ತದೆ. ಹಗಲು ರೈಲಿನಲ್ಲಿ ಹೋದರೆ ಸಕಲೇಶಪುರ ಸುಬ್ರಹ್ಮಣ್ಯದ ನಡುವಿನ 57 ಸುರಂಗ, ಕಾಡು, ಝರಿ ಎಲ್ಲ ನೋಡಬಹುದು. ಕೆಳಗಿನ ಬರ್ತ್ ಹಾಕಿಸಿ. ವ್ಹೀಲ್‌ಚೇರ್ ಬೇಕಾದರೆ ಮೊದಲೇ ಹೇಳಿ, ಮೇಲ್ಸೇತುವೆಯ ಮೆಟ್ಟಿಲೇ ಅರ್ಧ ಜೀವ ತೆಗೆಯುತ್ತದೆ.

ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ರಿಯಾಯಿತಿ ಇದೆ, ನಿಜ. ಆದರೆ ಅದು ಚಿಕಿತ್ಸೆಗೆ, ಚೆಕಪ್‌ಗೆ ಹೋಗಿಬರುವ ಪ್ರಯಾಣಕ್ಕೆ. ನೆಂಟರ ಮನೆಗೆ ಅಲ್ಲ. ನಮ್ಮ ಪರಿಚಯದವರು ಅದನ್ನು ಬಳಸಿ ಎಂದು ಸಲಹೆ ಕೊಟ್ಟಿದ್ದರು. ಬೇಡ.

ಕಾರಿನಲ್ಲಾದರೆ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ, ಇಳಿಸಿ, ನಾಲ್ಕು ಹೆಜ್ಜೆ ನಡೆಸಿ. ಕ್ಯಾನ್ಸರ್ ಇದ್ದವರಿಗೆ, ಅದರಲ್ಲೂ ಆಪರೇಷನ್ ಆದವರಿಗೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆಯವರಿಗಿಂತ ಜಾಸ್ತಿ. ಒಂದು ಕಾಲು ಮಾತ್ರ ಊದಿ ನೋವಾದರೆ, ಉಸಿರು ಕಟ್ಟಿದರೆ, ಊರು ತಲುಪಿ ನೋಡೋಣ ಅನ್ನಬೇಡಿ. ಸೀಟ್‌ಬೆಲ್ಟ್ ಗಾಯದ ಮೇಲೆ ಅಥವಾ ಪೋರ್ಟ್ ಮೇಲೆ ಒತ್ತುವುದಾದರೆ ನಡುವೆ ಒಂದು ಮೆತ್ತನೆಯ ಟವೆಲ್ ಮಡಚಿಡಿ. ಬೆಲ್ಟ್ ಹಾಕದೆ ಕೂರಿಸಬೇಡಿ. ಆಗುಂಬೆ, ಚಾರ್ಮಾಡಿ ಕಡೆಯಿಂದ ಇಳಿಯುವವರು ವಾಂತಿಯ ಮಾತ್ರೆಯನ್ನು ಡಾಕ್ಟರಲ್ಲೇ ಕೇಳಿ ತಂದುಕೊಳ್ಳಿ.

ಚೀಲದಲ್ಲಿ ಏನಿರಬೇಕು

ಡಿಸ್ಚಾರ್ಜ್ ಸಮ್ಮರಿ, ಕೊನೆಯ ರಕ್ತಪರೀಕ್ಷೆ, ಮಾತ್ರೆಗಳ ಪಟ್ಟಿ. ಕಾಗದವೂ ಇರಲಿ, ಫೋನಿನಲ್ಲಿ ಫೋಟೋನೂ ಇರಲಿ. ಪಟ್ಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಯಿರಿ. ನಾನು ಅಮ್ಮನ ಟ್ಯಾಮೋಕ್ಸಿಫೆನ್ ಮಾತ್ರೆಯನ್ನು ಬೆಂಗಳೂರಲ್ಲೇ ಮರೆತಿದ್ದೆ. ಊರಿನ ಮೆಡಿಕಲ್ ಶಾಪಿನಲ್ಲಿ ಆ ಕಂಪನಿಯದು ಇರಲಿಲ್ಲ. ಮೂಲ ಹೆಸರು ಹೇಳಿದ್ದಕ್ಕೆ ಬೇರೆ ಕಂಪನಿಯದು ಸಿಕ್ಕಿತು. ಮಾತ್ರೆ ನಾಲ್ಕೈದು ದಿನಕ್ಕೆ ಜಾಸ್ತಿಯೇ ಇರಲಿ.

ಥರ್ಮಾಮೀಟರ್ ಮರೆಯಬೇಡಿ. ಆಪರೇಷನ್ ಆಗಿ ಮಲ ಅಥವಾ ಮೂತ್ರಕ್ಕೆ ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಳ್ಳುವವರು ಲೆಕ್ಕಕ್ಕಿಂತ ದುಪ್ಪಟ್ಟು ಚೀಲ ಇಟ್ಟುಕೊಳ್ಳಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ, ಅಂಟು ಹಾಳಾಗುತ್ತದೆ. ತಲೆಗೆ ವಿಗ್‌ಗಿಂತ ಹತ್ತಿಯ ಬಟ್ಟೆ ಒಳ್ಳೆಯದು. ಕರಾವಳಿಯ ಬೆವರಿನಲ್ಲಿ ವಿಗ್ ಹತ್ತು ನಿಮಿಷ ತಡೆಯುವುದಿಲ್ಲ.

ಊಟ

ಇಲ್ಲಿ ಕರಾವಳಿಯವರು ಪುಣ್ಯವಂತರು. ಬಾಯಿ ಹುಣ್ಣು ಇನ್ನೂ ಮಾಯದವರಿಗೆ ಕುಚ್ಚಲಕ್ಕಿ ಗಂಜಿಗಿಂತ ಒಳ್ಳೆಯ ಊಟ ಯಾವುದಿದೆ? ನೀರುದೋಸೆ, ಕೊಟ್ಟೆ ಕಡುಬು, ಮೂಡೆ, ಎಲ್ಲ ಬೆಂದದ್ದು, ಮೆತ್ತಗಿನದು. ಮೀನು ತಿನ್ನುವವರಿಗೆ ಕಾಣೆ ಮೀನು ಮೃದು. ಪ್ರೋಟೀನೂ ಸಿಗುತ್ತದೆ. ಖಾರ ಮಾತ್ರ ಬೇರೆ ಪಾತ್ರೆಯಲ್ಲಿ ಕಡಿಮೆ ಮಾಡಿ ಮಾಡಬೇಕು. ಪುಳಿಮುಂಚಿ ಮುಂದಿನ ವರ್ಷಕ್ಕೆ ಇರಲಿ. ಪುನರ್ಪುಳಿ ಶರಬತ್ತು ತಂಪು, ಆದರೆ ಹುಣ್ಣಿರುವ ಬಾಯಿಗೆ ಹುಳಿ ಉರಿಯುತ್ತದೆ. ಎಳನೀರು ಆದೀತು, ಕಣ್ಣೆದುರು ಕೆತ್ತಿದ ಕೂಡಲೇ ಕುಡಿಯಬೇಕು.

ಬಿಳಿಕಣ ಇನ್ನೂ ಕಡಿಮೆ ಇದ್ದವರು ಮೂರು ಕಡೆ ಜಾಗ್ರತೆ ಮಾಡಿ. ಒಂದು, ಬಾವಿ ನೀರು. ಎಷ್ಟೇ ಸಿಹಿಯಾಗಿದ್ದರೂ ಕುದಿಸಿಯೇ ಕುಡಿಯಬೇಕು. ಮನೆಗೆ ಬಂದ ಕೂಡಲೇ ಕೊಡುವ ಬೆಲ್ಲ ನೀರಿಗೂ ಕುದಿಸಿದ ನೀರೇ ಆಗಬೇಕು. ಎರಡು, ತಂಬುಳಿ. ಗದ್ದೆ ಬದಿಯಿಂದ ಕಿತ್ತ ಒಂದೆಲಗವನ್ನು ಹಸಿಯಾಗಿ ರುಬ್ಬುವ ಬದಲು ಚೆನ್ನಾಗಿ ತೊಳೆದು, ತುಪ್ಪದಲ್ಲಿ ಬಾಡಿಸಿ ರುಬ್ಬಿ. ಮೂರು, ನಿನ್ನೆಯ ಮೀನು ಸಾರು. ಮರುದಿನಕ್ಕೇ ಅದರ ರುಚಿ ಅಂತ ನನಗೂ ಗೊತ್ತು. ಅಮ್ಮ ಅದನ್ನೇ ಕೇಳಿದಳು ಕೂಡ. ಕೊಡಲಿಲ್ಲ.

ಚಕ್ಕೋತ ಹಣ್ಣು ಕೆಲವು ಮಾತ್ರೆಗಳ ಜೊತೆ ಆಗುವುದಿಲ್ಲ. ದೊಡ್ಡಮ್ಮನ ಹಿತ್ತಲಲ್ಲಿ ಅದರದೇ ಮರ ಇದೆ, ಹಾಗಾಗಿ ಮೊದಲೇ ಕೇಳಿಕೊಂಡು ಹೋಗಿದ್ದೆ.

ಇನ್ನೊಂದು ಕಷ್ಟದ ವಿಷಯ. ಊಟ ಆದ ಮೇಲೆ ಎಲೆಯಡಿಕೆಯ ಹರಿವಾಣ ಮುಂದೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರ್ ತರುವ ವಸ್ತು ಎಂದು 2004ರಲ್ಲೇ ಹೇಳಿದೆ. ಬಾಯಿಯ, ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಒಂದು ಹೋಳನ್ನೂ ಬಾಯಿಗೆ ಹಾಕಬಾರದು. ಅಡಿಕೆ ತೋಟದ ಮನೆಯ ಚಾವಡಿಯಲ್ಲಿ ಕೂತು ಇದನ್ನು ಹೇಳುವುದು ಹೇಗೆ? ಹೇಳಬೇಕಾಗಿಲ್ಲ. ಆತಿಥ್ಯ ಮಾಡುವವರಿಗೆ ಮೊದಲೇ ತಿಳಿಸಿ ಹರಿವಾಣವನ್ನು ಒಳಗೇ ಇಡಿಸಿ. ಕಣ್ಣೆದುರಿಗಿದ್ದರೆ ಕೈ ತಾನಾಗಿ ಹೋಗುತ್ತದೆ, ಹಳೆಯ ಅಭ್ಯಾಸ.

ಬಳೆ, ಹಂಡೆ ನೀರು, ಮಲ್ಲಿಗೆ

ಎದೆಯ ಆಪರೇಷನ್ನಿನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿದ್ದರೆ ಆ ಕಡೆಯ ಕೈ ಊದಿಕೊಳ್ಳುವ ಸಂಭವ ಇರುತ್ತದೆ. ನಮ್ಮ ಡಾಕ್ಟರು ಹೇಳಿದ್ದು: ಆ ಕೈಯಲ್ಲಿ ಭಾರ ಎತ್ತಬೇಡಿ, ಬಿಗಿಯಾದದ್ದು ಹಾಕಬೇಡಿ, ಗಾಯ ಮಾಡಿಕೊಳ್ಳಬೇಡಿ, ರಕ್ತ ತೆಗೆಸುವುದು, ಬಿಪಿ ನೋಡುವುದು ಇನ್ನೊಂದು ಕೈಯಲ್ಲಿ. ಇದನ್ನು ನೆಂಟರ ಮನೆಯ ಭಾಷೆಗೆ ತಿರುಗಿಸಿ ಹೇಳಬೇಕು. ಅಂದರೆ ಕಾಯಿ ತುರಿಯಲು ಕೂರಬಾರದು. ಬೆಕ್ಕನ್ನು ಎತ್ತಿಕೊಳ್ಳಬಾರದು. ಸೊಳ್ಳೆ ಕಚ್ಚಿದ್ದನ್ನು ಕೆರೆಯಬಾರದು. ಮುಖ್ಯವಾಗಿ, ಬಳೆ. ದೊಡ್ಡಮ್ಮ ತಂಗಿಗೆಂದು ಹಸಿರು ಗಾಜಿನ ಬಳೆ ತಂದಿಟ್ಟಿದ್ದರು, ಸೋಪು ಹಚ್ಚಿ ಏರಿಸುವ ಬಿಗಿಯ ಅಳತೆ. ಎಡಗೈಗೆ ಬೇಡ ಅಂದಾಗ ಅವರ ಮುಖ ಸಣ್ಣದಾಯಿತು. ಕೊನೆಗೆ ಒಂದು ಡಜನ್ನನ್ನೂ ಬಲಗೈಗೇ ಹಾಕಿದರು. ಅಮ್ಮ ನಾಲ್ಕು ದಿನ ಒಂದು ಕೈ ಝಣಝಣ ಅನ್ನಿಸಿಕೊಂಡು ಓಡಾಡಿದಳು.

ಹಂಡೆಯ ಬಿಸಿನೀರಿನ ಸ್ನಾನ ಊರಿನ ದೊಡ್ಡ ಸುಖ. ಆದರೆ ರೇಡಿಯೇಶನ್ ಕೊಟ್ಟ ಜಾಗಕ್ಕೆ ಬಿಸಿ ಆಗದು. ತಿಕ್ಕುವುದಂತೂ ಬೇಡವೇ ಬೇಡ. ಅಲ್ಲಿಗೆ ಉಗುರುಬೆಚ್ಚಗಿನ ನೀರು ಸಾಕು. ಆ ಜಾಗಕ್ಕೆ ಬಿಸಿಲೂ ತಾಗಬಾರದು. ಕೆಲವು ಕೀಮೋ ಔಷಧಗಳಿಂದ ಪಾದ ಮರಗಟ್ಟಿರುತ್ತದೆ. ಅಂಥವರು ಪಾಚಿ ಕಟ್ಟಿದ ಅಂಗಳದಲ್ಲಿ, ಮುರಕಲ್ಲಿನ ಮೆಟ್ಟಿಲಲ್ಲಿ ಯಾರದಾದರೂ ಕೈ ಹಿಡಿದೇ ನಡೆಯಲಿ.

ದೊಡ್ಡಮ್ಮ ಒಂದು ಅಟ್ಟೆ ಶಂಕರಪುರ ಮಲ್ಲಿಗೆಯನ್ನೂ ತರಿಸಿದ್ದರು. ಮುಡಿಯಲು ಕೂದಲು ಬೆರಳುದ್ದ ಬಂದಿತ್ತಷ್ಟೇ. ತಲೆಬಟ್ಟೆಗೆ ಪಿನ್ ಹಾಕಿ ಸಿಕ್ಕಿಸಿದರು. ಎಲ್ಲರ ಕಣ್ಣೂ ಒದ್ದೆ. ಐದು ನಿಮಿಷಕ್ಕೆ ಅಮ್ಮ, "ಅಕ್ಕಾ, ವಾಸನೆಗೆ ವಾಂತಿ ಬರ್ತದೆ, ದೇವರಿಗೆ ಇಡು" ಅಂದಳು. ಕೀಮೋ ಆದವರಿಗೆ ಹೀಗಾಗುತ್ತದೆ. ಹೂವು, ಮೀನು, ಅಗರಬತ್ತಿ, ಯಾವುದು ಬೇಕಾದರೂ ಆಗಬಹುದು. ತಪ್ಪು ತಿಳಿಯಬಾರದು.

ಬರುವ ಮಾತುಗಳು

"ಎಷ್ಟು ಇಳಿದು ಹೋಗಿದ್ದೀಯ ಮಾರಾಯ್ತಿ" ಅನ್ನುವವರು ಇರುತ್ತಾರೆ. "ನಮ್ಮ ಆಚೆಮನೆಯವರಿಗೂ ಇದೇ ಆಗಿತ್ತು, ಪಾಪ" ಅಂತ ಅರ್ಧಕ್ಕೆ ನಿಲ್ಲಿಸುವವರೂ ಇರುತ್ತಾರೆ. ಮಾತು ತಿರುಗಿಸಲು ಮನೆಯ ಒಬ್ಬರನ್ನು ನೇಮಿಸಿ. ನಮ್ಮಲ್ಲಿ ಮಾವ. ಆಚೆಮನೆಯ ಕಥೆ ಶುರುವಾದ ಕೂಡಲೇ ಅವರು ಅಡಿಕೆ ರೇಟಿನ ಮಾತು ತೆಗೆಯುತ್ತಿದ್ದರು. ತಪ್ಪಿದ್ದೇ ಇಲ್ಲ.

ಇನ್ನು ಲಕ್ಷ್ಮಣ ಫಲ. ಕರಾವಳಿಯ ಎಷ್ಟೋ ಹಿತ್ತಲುಗಳಲ್ಲಿ ಅದಿದೆ. ಅದರ ಎಲೆಯ ಕಷಾಯ ಕುಡಿದರೆ ಕ್ಯಾನ್ಸರ್ ಮತ್ತೆ ಬರುವುದಿಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮನುಷ್ಯರಲ್ಲಿ ಅದು ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ತುಂಬಾ ದಿನ ಜಾಸ್ತಿ ತೆಗೆದುಕೊಂಡರೆ ನರಗಳಿಗೆ ತೊಂದರೆ ಆಗಬಹುದೆಂಬ ಎಚ್ಚರಿಕೆಯೂ ಇದೆ. ಜಗಳ ಬೇಡ. ಕಟ್ಟಿಕೊಟ್ಟ ಎಲೆ ತೆಗೆದುಕೊಳ್ಳಿ, ಡಾಕ್ಟರಲ್ಲಿ ಕೇಳುತ್ತೇವೆ ಅನ್ನಿ, ಒಲೆಗೆ ಇಡಬೇಡಿ.

ಹರಕೆ ಮತ್ತು ಕಡಲು

ಕಾಯಿಲೆಯ ನಡುವೆ ಯಾರೋ ಒಬ್ಬರು ಹರಕೆ ಹೇಳಿಕೊಂಡಿರುತ್ತಾರೆ. ನಮ್ಮಲ್ಲಿ ಚಿಕ್ಕಮ್ಮ ಅಮ್ಮನ ಮುಡಿ ಕೊಡಿಸುತ್ತೇನೆ ಎಂದು ಹೇಳಿಕೊಂಡಿದ್ದರಂತೆ. "ದೇವರು ಮೊದಲೇ ತೆಗೆದುಕೊಂಡಾಯ್ತಲ್ಲ, ಲೆಕ್ಕ ಚುಕ್ತಾ" ಅಂದಳು ಅಮ್ಮ. ಹರಕೆ ತೀರಿಸಲು ಅವಸರ ಇಲ್ಲ, ಮುಂದಿನ ವರ್ಷವೂ ದೇವರು ಅಲ್ಲೇ ಇರುತ್ತಾನೆ. ಕಟೀಲಿಗೋ ಉಡುಪಿಗೋ ಹೋಗಲೇಬೇಕಿದ್ದರೆ ವಾರದ ನಡುವಿನ ದಿನ, ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಕಾದ ಕಲ್ಲು ಮರಗಟ್ಟಿದ ಪಾದಕ್ಕೆ ಗೊತ್ತಾಗುವುದಿಲ್ಲ, ಬೊಬ್ಬೆ ಬಂದ ಮೇಲೆಯೇ ಗೊತ್ತಾಗುವುದು. ಕೃಷ್ಣ ಮಠದ ಒಳಗೆ ಗಂಡಸರು ಅಂಗಿ ತೆಗೆಯಬೇಕು. ಎದೆಯಲ್ಲಿ ಪೋರ್ಟ್, ಹೊಟ್ಟೆಯಲ್ಲಿ ಚೀಲ ಇದ್ದವರಿಗೆ ಅದು ಮುಜುಗರ. ಅಂಥವರಿಗೆ ಕನಕನ ಕಿಂಡಿ ಇದೆ. ಹೊರಗೆ ನಿಂತೇ ನೋಡಬಹುದು.

ಮಲ್ಪೆಗೋ ಕಾಪು ದೀಪಸ್ತಂಭದ ಕಡೆಗೋ ಸಂಜೆ ಐದರ ಮೇಲೆ ಹೋಗಿ. ಗಾಯ ಮಾಯದಿದ್ದರೆ, ಕೈಯಲ್ಲಿ ಇನ್ನೂ ಪಿಕ್ ಲೈನ್ (ಔಷಧ ಹಾಕಲು ರಕ್ತನಾಳದಲ್ಲಿ ಇಟ್ಟ ತೆಳು ಕೊಳವೆ) ಇದ್ದರೆ ಉಪ್ಪುನೀರಿಗೆ ಇಳಿಯಬಾರದು. ಸೇಂಟ್ ಮೇರೀಸ್ ದ್ವೀಪ ಚಂದವೇ, ಆದರೆ ದೋಣಿ ಹತ್ತಿ ಇಳಿಯುವುದು, ಬಂಡೆಗಳ ಮೇಲೆ ನಡೆಯುವುದು ಈಗಲೇ ಬೇಡ.

ಜ್ವರ ಬಂದರೆ

100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಿಸಬೇಡಿ. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಆಂಬುಲೆನ್ಸಿಗೆ 108. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನ ಕೆಎಂಸಿ, ಫಾದರ್ ಮುಲ್ಲರ್, ಎ.ಜೆ., ದೇರಳಕಟ್ಟೆಯ ಯೇನೆಪೋಯ, ಇವೆಲ್ಲದರಲ್ಲೂ ಕ್ಯಾನ್ಸರ್ ವಿಭಾಗ ಇದೆ. ಉಳಿಯುವ ಮನೆಗೆ ಯಾವುದು ಹತ್ತಿರ ಎಂದು ಹೋಗುವ ಮೊದಲೇ ನೋಡಿಡಿ. ಅಲ್ಲಿ ಹೋದ ಕೂಡಲೇ ಕೀಮೋ ಆಗಿ ಎಷ್ಟು ದಿನ ಆಯಿತು ಎಂದು ಹೇಳಿ. ಮಂಗಳೂರಿನಲ್ಲಿ ಮಲೇರಿಯಾ ಹಳೆಯ ಸಮಸ್ಯೆ, ಡೆಂಗಿಯೂ ಇದೆ. ಹಾಗಾಗಿ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಜ್ವರ ಬಂದರೂ ಕರಾವಳಿಗೆ ಹೋಗಿದ್ದೆವು ಎಂದು ಅಲ್ಲಿನ ಡಾಕ್ಟರಿಗೆ ತಿಳಿಸಿ.

ಹೊರಡುವ ದಿನ

ನಮ್ಮ ಕಡೆ ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತೆಂಗಿನಕಾಯಿ. ಇದನ್ನೆಲ್ಲ ಹೊರುವವರು ಯಾರು ಎಂದು ಮೊದಲೇ ಯೋಚಿಸಿ, ಇಲ್ಲದಿದ್ದರೆ ನಿಲ್ದಾಣದಲ್ಲಿ ಇವರೇ ಒಂದು ಚೀಲಕ್ಕೆ ಕೈ ಹಾಕುತ್ತಾರೆ. ಮಾವ ಎಲ್ಲವನ್ನೂ ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿದರು. ಮನೆಗೆ ಬಂದ ಮರುದಿನಕ್ಕೆ ಏನೂ ಕೆಲಸ ಇಟ್ಟುಕೊಳ್ಳಬೇಡಿ. ನಾನು ಆಫೀಸಿಗೂ ರಜೆ ಹಾಕಿದ್ದೆ. ಅಮ್ಮ ಹತ್ತು ಗಂಟೆಗೆ ಎದ್ದಳು, ಪಾರ್ಸೆಲ್ ಬಿಚ್ಚಿಸಿದಳು, ತೆಂಗಿನಕಾಯಿ ಎಣಿಸಿದಳು. ಒಂದು ಕಡಿಮೆ ಇದೆ ಎಂದು ದೊಡ್ಡಮ್ಮನಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು.